ಕ್ಯಾಪ್ಟನ್ ಮಾತಾಡಲಿಲ್ಲ

ಕನ್ನಡಿಯೊಳಗಿನ ಸಮುದ್ರ ಉಲ್ಟಾ ಇದೆ, ಟೀವಿ ಇರುವುದು ನನ್ನ ಬೆನ್ನ ಹಿಂದಿನ ಗೋಡೆಯ ಮೇಲೆ, ನಾನು ನೋಡುವುದು ಕನ್ನಡಿಯಲ್ಲಿ, ಹಾಗಾಗಿ ಒಂಬತ್ತು ದಿನದಿಂದ ಆ ವಿಮಾನ ನನ್ನ ಪಾಲಿಗೆ ಹಿಂದುಮುಂದಾಗಿಯೇ ಹಾರುತ್ತಿದೆ, ಕೆಂಪು ಚುಕ್ಕಿಗಳ ಸಾಲು ದಡ ದಾಟಿ ನೀಲಿಗೆ ಬೀಳುತ್ತದೆ, ನೀಲಿಯ ನಟ್ಟನಡುವೆ ನಿಂತುಬಿಡುತ್ತದೆ, ಅಲ್ಲೊಂದು ಪ್ರಶ್ನಾರ್ಥಕ ಚಿಹ್ನೆ, ಅದರ ಬೆನ್ನೂ ಆಚೆ ಕಡೆಗೆ — ಅಣ್ಣ, ನೊರೆ ಮೂಗಿಗೆ ಹೋಗ್ತಿದೆ, ಅಂದ ಕುರ್ಚಿಯಲ್ಲಿದ್ದ ಬಸ್ ಡ್ರೈವರ್, ಹೌದಲ್ಲ, ಬ್ರಷ್ ತಿರುಗಿಸುತ್ತಲೇ ಇದ್ದೇನೆ, ಅವನ ಮುಖದಲ್ಲಿ ಎರಡು ಕಣ್ಣು ಬಿಟ್ಟು ಮತ್ತೇನೂ ಉಳಿದಿಲ್ಲ, ತಪ್ಪಾಯ್ತು ಕಣಪ್ಪ ಅಂತ ಟವೆಲಿನಿಂದ ಒರೆಸಿದೆ, ಮೂವತ್ತೊಂದು ವರ್ಷ ಪಳಗಿದ ಕೈ, ಈ ವಾರ ಎರಡು ಸಲ ಗಿರಾಕಿಯ ಕಿವಿಗೆ ಕತ್ತರಿ ತಾಗಿಸಿದೆ. ಇನ್ನೂರ ಹನ್ನೊಂದು ಜನ, ಒಂದು ಚಪ್ಪಲಿಯೂ ತೇಲಿಬಂದಿಲ್ಲ, ಒಂದು ಸೀಟಿನ ತುಣುಕಿಲ್ಲ, ಹನ್ನೆರಡು ಹಡಗು ಹುಡುಕುತ್ತಿವೆಯಂತೆ, ಸಮುದ್ರ ಅಂದ್ರೆ ಏನಂದ್ಕೊಂಡಿದೀರಿ, ನಮ್ಮನೆ ಹಿತ್ತಲಾ, ಅನ್ನುತ್ತಾರೆ ರೇಡಿಯೊ, ಅಂದರೆ ಬೆಂಚಿನ ಮೂಲೆಯಲ್ಲಿ ಕೂತಿರುವ ನಿವೃತ್ತ ಪೋಸ್ಟ್‌ಮಾಸ್ತರರು, ಅವರ ಬಾಯಿ ಮುಚ್ಚಿದ್ದನ್ನು ಯಾರೂ ಕಂಡಿಲ್ಲವಾದ್ದರಿಂದ ಬೀದಿಯೇ ಸೇರಿ ಇಟ್ಟ ಹೆಸರು, ಅವರಿಗೂ ಗೊತ್ತು, ಬೇಸರವಿಲ್ಲ.

ಮೊದಲ ದಿನ ಯಾರೂ ಏನೂ ಅನ್ನಲಿಲ್ಲ, ಅದು ನೆನಪಿದೆ, ಅರ್ಧ ತಲೆ ಕತ್ತರಿಸಿಕೊಂಡ ಟ್ಯೂಷನ್ ಮೇಷ್ಟ್ರು ಹಾಗೇ ಎದ್ದು ಟೀವಿಯ ಮುಂದೆ ಹೋಗಿ ನಿಂತಿದ್ದರು, ಎರಡನೆಯ ದಿನ ಪಿಸುಮಾತು, ಮೂರನೆಯ ದಿನಕ್ಕೆ ಒಬ್ಬೊಬ್ಬರೂ ಒಂದೊಂದು ದ್ವೀಪ ಕಂಡುಹಿಡಿದಿದ್ದರು. ಔಷಧಿ ಅಂಗಡಿಯವರು ವಿಮಾನವನ್ನು ಮಾತಲ್ಲೇ ಅಪಹರಿಸಿ ಗುಡ್ಡದ ಒಳಗೆ ಬಚ್ಚಿಟ್ಟರು, ಮೇಷ್ಟ್ರು ನನ್ನ ಬಾಚಣಿಗೆಯನ್ನೇ ಅಳತೆಪಟ್ಟಿ ಮಾಡಿಕೊಂಡು ಪೇಪರಿನ ನಕಾಶೆಯ ಮೇಲೆ ಗೆರೆ ಎಳೆದು, ಎಣ್ಣೆ ಇಲ್ಲಿಗೆ ಮುಗೀಬೇಕು ನೋಡಿ, ಅಂದರು, ಅವರ ಬೆರಳಿನಡಿಯ ನೀಲಿ ಒದ್ದೆಯಾಗಿತ್ತು, ಬೆವರಿಗೆ. ನನ್ನ ಭಾವನಿಗೆ ಕನಸು ಬಿತ್ತಂತೆ, ಎಲ್ಲರೂ ಬದುಕಿದ್ದಾರಂತೆ, ಎಳನೀರು ಕುಡಿಯುತ್ತಿದ್ದರಂತೆ, ನಿನ್ನ ಕನಸಿಗೆ ಅಷ್ಟು ಜನ ಹಿಡಿಸ್ತಾರಾ ಅಂತ ಅಕ್ಕ ಬೈದಳಂತೆ. ಮನೆಯಲ್ಲಿ ನನ್ನ ಹೆಂಡತಿ ಬಟ್ಟೆ ಒಣಹಾಕುತ್ತಿದ್ದವಳು ಮೇಲೆ ಸದ್ದಾದರೆ ಕೈಯಲ್ಲಿ ಕ್ಲಿಪ್ಪು ಹಿಡಿದುಕೊಂಡೇ ನಿಂತುಬಿಡುತ್ತಾಳೆ, ಅದು ಪೂರ್ತಿ ಮರೆಯಾಗುವವರೆಗೂ, ಮೊದಲೆಲ್ಲ ವಿಮಾನದ ಸದ್ದು ಅವಳಿಗೆ ಕೇಳಿಸುತ್ತಲೇ ಇರಲಿಲ್ಲ. ನಾಲ್ಕನೆಯ ದಿನ ಟೀವಿಯಲ್ಲಿ ಒಬ್ಬ ಕೋಟಿನವನು ಬಂದು ಇದನ್ನು ಪೈಲಟ್ಟೇ ಮಾಡಿರಬಹುದು ಅಂದ, ಅಂಗಡಿಯಲ್ಲಿ ಎಲ್ಲರೂ ಉಸಿರು ಬಿಟ್ಟರು, ನಾನು ಕನ್ನಡಿಯಲ್ಲಿ ನೋಡಿದೆ, ಭುಜಗಳು ಇಳಿದವು, ಅಷ್ಟು ದೊಡ್ಡ ಸಮುದ್ರಕ್ಕೆ ಬೈಯುವುದು ಹೇಗೆ, ಮನುಷ್ಯನಿಗಾದರೆ ಬೈಯಬಹುದು.

ಮತ್ತು ಆ ಮನುಷ್ಯ ನನ್ನ ಗಿರಾಕಿ. ಆರು ವರ್ಷದಿಂದ, ಮೂರು ವಾರಕ್ಕೊಮ್ಮೆ, ಹಿಂದಿನ ಬೀದಿಯ ಹಸಿರು ಗೇಟಿನ ಮನೆ, ಎಲ್ಲರಿಗೂ ಕ್ಯಾಪ್ಟನ್, ನನಗೂ, ಯೂನಿಫಾರ್ಮಿನಲ್ಲಿ ಒಮ್ಮೆಯೂ ನೋಡಿಲ್ಲ, ಬಣ್ಣ ಹೋದ ಟೀಶರ್ಟು, ಹಿಮ್ಮಡಿ ಸವೆದ ಚಪ್ಪಲಿ, ನಲ್ಲಿ ಸೋರುತ್ತೆ, ಒಳ್ಳೆ ಪ್ಲಂಬರ್ ಗೊತ್ತಾ ಅಂತ ಕೇಳಿದ್ದರು ಹೋದ ತಿಂಗಳು, ಅಷ್ಟೆತ್ತರದಲ್ಲಿ ಅಷ್ಟು ಜನರನ್ನು ಕೂರಿಸಿಕೊಂಡು ಹೋಗುವವರಿಗೆ ನಲ್ಲಿ ಬಿಗಿ ಮಾಡಲು ಬರುವುದಿಲ್ಲ ಅಂತ ನನಗೆ ಒಳಗೊಳಗೇ ನಗು. ಆ ದಿನವೂ ಬೆಳಗ್ಗೆ ಏಳಕ್ಕೆ ಬಂದರು, ಅಂಗಡಿಯ ಶಟರು ಇನ್ನೂ ಅರ್ಧ ಎತ್ತಿದ್ದೆ, ಬಗ್ಗಿ ಒಳಗೆ ಬಂದರು, ಸಂಜೆ ಡ್ಯೂಟಿ ಇದೆ, ಎಂದಿನ ಹಾಗೇ ಮಾಡಿಬಿಡಿ, ಅಂದರು, ಅಷ್ಟೇ. ಆ ವಿಷಯ ಬೀದಿಗೆ ಹೇಗೆ ಗೊತ್ತಾಯಿತು — ನಾನೇ ಹೇಳಿದೆ, ಮತ್ಯಾರು, ಎರಡನೆಯ ದಿನ ಬಾಯಿ ತಡೆಯಲಿಲ್ಲ, ಕ್ಯಾಪ್ಟನ್ ಅವತ್ತು ಬೆಳಿಗ್ಗೆ ಇದೇ ಕುರ್ಚೀಲಿ ಕೂತಿದ್ರು ಕಣ್ರಿ, ಅಂದೆ, ಅಂದಿನಿಂದ ಅರ್ಧ ಜನ ಈ ಕುರ್ಚಿಯೇ ಬೇಕು ಅಂತ ಕಾದು ಕೂತು ಫೋಟೋ ತೆಗೆಸಿಕೊಳ್ಳುತ್ತಾರೆ, ಇನ್ನರ್ಧ ಜನ ಆ ಇನ್ನೊಂದೇ ಇರಲಿ ಅಂತ ಕಿಟಕಿ ಪಕ್ಕದ್ದಕ್ಕೆ ಹೋಗುತ್ತಾರೆ. ಐದನೆಯ ದಿನ ವರದಿಗಾರ್ತಿ ಬಂದಳು, ಹಿಂದೆ ಕ್ಯಾಮೆರಾ ಹೊತ್ತವನು, ಬೆಳಕು ನೇರ ಕಣ್ಣಿಗೆ, ಬೀದಿಯೆಲ್ಲ ಬಾಗಿಲಲ್ಲಿ, ಏನು ಮಾತಾಡಿದ್ರು ಅವರು, ಅಂದಳು, ಏನೂ ಮಾತಾಡ್ಲಿಲ್ಲ, ಅಂದೆ, ಅರ್ಧ ಗಂಟೆ ಒಂದು ಮಾತೂ ಇಲ್ವಾ, ಇಲ್ಲ, ಏನೋ ಯೋಚನೇಲಿದ್ದ ಹಾಗೆ ಅನಿಸ್ತಾ, ಮತ್ತು ಆಗ ನನ್ನ ಕತ್ತು, ಈ ಹಾಳು ಕತ್ತು, ಹೂಂ ಅಂತ ಆಡಿತು. ಮುಂದಿನ ವಾಕ್ಯ ನಾಲಿಗೆಯ ತುದಿಯಲ್ಲೇ ಇತ್ತು, ಅವರು ಸುಮ್ಮನಿದ್ದದ್ದು ಯಾಕೆಂದು ನನಗೆ ಚೆನ್ನಾಗಿ ಗೊತ್ತಿತ್ತು, ಆದರೆ ಅದು ತೀರಾ ಸಣ್ಣ ಮಾತು, ಅಷ್ಟು ದೊಡ್ಡ ಬೆಳಕಿನ ಮುಂದೆ ಹೇಳುವಂಥದ್ದಲ್ಲ ಅನಿಸಿತು, ನುಂಗಿದೆ. ಜೀವಮಾನದಲ್ಲಿ ನನ್ನ ಮಾತಿಗೆ ಯಾರೂ ಹಾಗೆ ಕಾದಿರಲಿಲ್ಲ, ಅದೂ ನಿಜ, ಒಪ್ಪಿಕೊಳ್ಳಬೇಕು.

ರಾತ್ರಿಯೊಳಗೆ ಅದು ಮನೆಮನೆಗೂ ಬಂತು, ಕೊನೆಯ ಕ್ಷೌರ, ಅರ್ಧ ಗಂಟೆಯ ಮೌನ, ಕೆಳಗೆ ನನ್ನ ಮುಖ, ಒಬ್ಬ ಮನಶ್ಶಾಸ್ತ್ರದವರು ಬಂದು ಆ ಮೌನವನ್ನು ಬಿಡಿಸಿ ಬಿಡಿಸಿ ತೋರಿಸಿದರು, ತೀರ್ಮಾನ ಮಾಡಿದ ಮನುಷ್ಯ ಮಾತಾಡುವುದಿಲ್ಲವಂತೆ, ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದಳು, ನೀವು ಹೀಗಂದ್ರಾ, ಅಂದಳು. ಬೆಳಗಾಗುವಷ್ಟರಲ್ಲಿ ಹಸಿರು ಗೇಟಿನ ಪಕ್ಕದ ಗೋಡೆಯ ಮೇಲೆ ಯಾರೋ ಇದ್ದಿಲಲ್ಲಿ ಬರೆದಿದ್ದರು, ಎಲ್ಲಿಟ್ಟೆ, ಅಂತ, ಒಂದೇ ಪದ, ಗೇಟಿನ ಮೇಲೆ ಮೊಟ್ಟೆ ಒಡೆದಿದ್ದರು, ಹಳದಿ ಕೆಳಗಿಳಿದು ಒಣಗಿತ್ತು, ಕಿಟಕಿಗಳೆಲ್ಲ ಮುಚ್ಚಿದ್ದವು, ನಾನು ಆ ಬೀದಿ ಬಿಟ್ಟು ಸುತ್ತುಹಾಕಿ ಅಂಗಡಿಗೆ ಬರತೊಡಗಿದೆ, ಇವತ್ತಿಗೆ ನಾಲ್ಕು ದಿನ, ಕಾಲು ನೋಯುತ್ತೆ ಅಂದರೆ ನೋಯಲಿ.

ಡ್ರೈವರನ ಎಡಗೆನ್ನೆ ಮುಗಿಯಿತು, ತಿರುಗಿಸಿದೆ, ಬಾಗಿಲು ಕಿರ್ ಅಂತು, ಒಬ್ಬ ಹುಡುಗಿ, ಹದಿನೇಳೋ ಹದಿನೆಂಟೋ, ಹೆಗಲಿಗೆ ಕಾಲೇಜಿನ ಚೀಲ, ಕೂತ್ಕೋಮ್ಮ, ಯಾರಿಗೆ ಕಟಿಂಗು, ಅಂದೆ, ರೇಡಿಯೊ ಪಕ್ಕದಲ್ಲಿ ಕೂತಳು, ತಮ್ಮನಿಗೋ ಅಪ್ಪನಿಗೋ ಕಾಯುತ್ತಿರಬೇಕು. ರೇಡಿಯೊ ಬಿಟ್ಟ ಕಡೆಯಿಂದಲೇ ಶುರು ಮಾಡಿದರು, ಮನೇಲಿ ಜಗಳ ಇತ್ತಂತೆ ಕಣ್ರಿ, ಅವನು ಮೊದಲೇ ಎಲ್ಲ ಲೆಕ್ಕ ಹಾಕಿದ್ದ, ಇಲ್ದಿದ್ರೆ ಅರ್ಧ ಗಂಟೆ ಮನುಷ್ಯ ಬಾಯಿ ಬಿಡದೇ ಇರ್ತಾನಾ, ನಾನು ಐದು ನಿಮಿಷ ಇರಲ್ಲಪ್ಪ, ಡ್ರೈವರ್ ನೊರೆಯೊಳಗಿಂದ ನಕ್ಕ, ನೀವು ನಿದ್ದೇಲೂ ಇರಲ್ಲ ಬಿಡಿ, ಅಂದ. ಹುಡುಗಿ ತಲೆ ತಗ್ಗಿಸಿ ಚೀಲದ ಪಟ್ಟಿ ಸುತ್ತುತ್ತಿದ್ದಳು, ಬೈತಲೆಯ ಹಿಂದೆ, ನಡುನೆತ್ತಿಯಲ್ಲಿ, ಕೂದಲು ಎರಡು ಸುಳಿಯಾಗಿ ಒಂದಕ್ಕೊಂದು ಎದುರಾಗಿ ತಿರುಗಿತ್ತು, ನಡುವೆ ಒಂದು ಗೊಂಚಲು ನೆಟ್ಟಗೆ ನಿಂತಿತ್ತು, ಎಷ್ಟು ನೀರು ಹಾಕಿ ಬಾಚಿದರೂ ಮಲಗದ ಗೊಂಚಲು, ನನ್ನ ಕೈ ನಿಂತಿತು — ಮುಖ ಮರೆಯುತ್ತೇನೆ, ಹೆಸರು ಮರೆಯುತ್ತೇನೆ, ನೆತ್ತಿ ಮರೆಯುವುದಿಲ್ಲ, ಆರು ವರ್ಷದಿಂದ ಈ ಎರಡು ಸುಳಿಗಳ ಜೊತೆ ನಾನು ಗುದ್ದಾಡಿದ್ದೇನೆ, ನಡುವಿನ ಅದೊಂದು ಗೊಂಚಲನ್ನು ಗಿಡ್ಡ ಮಾಡಿದರೆ ಮಾತ್ರ ಸುಮ್ಮನಿರುತ್ತದೆ. ಪೋಸ್ಟ್‌ಮಾಸ್ತರರೇ ಸಾಕು, ಅಂದೆ, ಯಾಕೆ, ನೀವೇ ತಾನೇ ಹೇಳಿದ್ದು, ಅಂದರು ರೇಡಿಯೊ, ನಾನೇ ತಾನೇ ಹೇಳಿದ್ದು.

ಅಂಕಲ್, ಕಟಿಂಗ್ ಬೇಡ, ಒಂದು ಮಾತು ಕೇಳ್ಬೇಕಿತ್ತು, ಅಂದಳು ಹುಡುಗಿ, ಎದ್ದು ನಿಂತಿದ್ದಳು, ನಮ್ಮಪ್ಪ ಇಲ್ಲಿಗೇ ಬರ್ತಿದ್ರು, ಕ್ಯಾಪ್ಟನ್, ಅಂದಳು. ರೇಡಿಯೊ ಬಾಯಿ ತೆರೆದಿತ್ತು, ಹಾಗೇ ಉಳಿಯಿತು, ಟೀವಿಯ ಸದ್ದೊಂದೇ, ಡ್ರೈವರ್ ಕೈ ಚಾಚಿ ರಿಮೋಟು ತೆಗೆದು ಆರಿಸಿದ. ಅಮ್ಮ ಊಟ ಬಿಟ್ಟಿದಾಳೆ ಅಂಕಲ್, ಅವರಿಗೆ ಅಷ್ಟು ಬೇಜಾರಿತ್ತಾ, ಇಪ್ಪತ್ತು ವರ್ಷ ಜೊತೇಲಿದ್ದು ನನಗೆ ಗೊತ್ತಾಗ್ಲೇ ಇಲ್ವಲ್ಲ, ಅಂತಾನೇ ಇರ್ತಾಳೆ, ನೀವು ಟೀವೀಲಿ ಹೇಳಿದ್ದನ್ನ ಮತ್ತೆ ಮತ್ತೆ ಹಾಕಿಕೊಂಡು ನೋಡ್ತಾಳೆ, ಅವರು ಯಾಕೆ ಮಾತಾಡ್ಲಿಲ್ಲ, ನಿಮಗೆ ಗೊತ್ತಾ. ಕೋಪ ಇರಲಿಲ್ಲ ಧ್ವನಿಯಲ್ಲಿ, ಇದ್ದಿದ್ದರೆ ಸುಲಭವಿತ್ತು, ನಾನು ಕತ್ತಿ ಕೆಳಗಿಟ್ಟೆ, ನಿದ್ದೆ ಮಾಡಿದ್ರು ಕಣಮ್ಮ, ಅಂದೆ, ಕೂತ ಎರಡೇ ನಿಮಿಷಕ್ಕೆ, ಯಾವಾಗ್ಲೂ ಹಾಗೇ, ಕತ್ತರಿ ಸದ್ದು ಕೇಳಿದ್ರೆ ಅವರಿಗೆ ನಿದ್ದೆ, ಆರು ವರ್ಷದಲ್ಲಿ ಒಂದು ಸಲವೂ ಪೂರ್ತಿ ಎಚ್ಚರ ಇದ್ದವರಲ್ಲ. ನಿದ್ದೇನಾ, ಅಂದಳು, ಅವಳ ತುಟಿ ಹೇಗೆ ಹೇಗೋ ಆಯಿತು, ನಕ್ಕಳು, ಹಲ್ಲಿನ ಡಾಕ್ಟರ ಹತ್ರ ಬಾಯಿ ತೆಕ್ಕೊಂಡೇ ನಿದ್ದೆ ಮಾಡಿಬಿಟ್ಟಿದ್ರು ಅಂಕಲ್, ಅಂದಳು. ಡ್ರೈವರ್ ಕನ್ನಡಿಯಲ್ಲೇ ನನ್ನನ್ನು ನೋಡಿದ, ಹಂಗಾದ್ರೆ ನಿದ್ದೆಗೆಟ್ಟು ವಿಮಾನ, ಅಂತ ಶುರುಮಾಡಿ ತಾನೇ ನಿಲ್ಲಿಸಿದ, ಅಲ್ಲ, ನಾನೂ ಇಲ್ಲಿ ನಿದ್ದೆ ಮಾಡ್ತೀನಲ್ವಾ ಅಣ್ಣ, ಅಂದ, ಗೊರಕೇನೂ ಹೊಡೀತೀಯ, ಅಂದೆ, ಆಮೇಲೆ ಸೀದಾ ಡ್ಯೂಟಿಗೆ ಹೋಗ್ತೀಯ, ಎಪ್ಪತ್ತು ಜನರನ್ನ ಕೂರಿಸಿಕೊಂಡು.

ವರದಿಗಾರ್ತಿಗೆ ಫೋನು ಮಾಡಿದೆ, ಎಲ್ಲರ ಎದುರಿಗೇ, ಸ್ಪೀಕರ್ ಹಾಕಿ, ಅವರು ನಿದ್ದೆ ಮಾಡ್ತಿದ್ರು ಮೇಡಂ, ಯೋಚನೆ ಗೀಚನೆ ಏನಿಲ್ಲ, ನಾನು ತಪ್ಪು ಹೇಳಿದೆ, ಅಂದೆ, ಹೌದಾ, ಎಷ್ಟು ದಿನದಿಂದ ನಿದ್ದೆ ಇರಲಿಲ್ವಂತೆ, ಅಂದಳು, ಮಾತ್ರೆ ಏನಾದ್ರೂ ತಗೊಳ್ತಿದ್ರಾ, ಅಂದಳು, ಹುಡುಗಿ ಬೇಡ ಅಂತ ತಲೆಯಾಡಿಸಿದಳು, ಏನೂ ಇಲ್ಲ ಮೇಡಂ, ಆರು ವರ್ಷದಿಂದ ಇಲ್ಲಿ ಬಂದರೆ ನಿದ್ದೆ, ಅಷ್ಟೇ, ಅದನ್ನ ಹಾಕಿ, ಅಂದೆ, ಅದರಲ್ಲೇನಿದೆ ಹಾಕೋಕೆ, ಅಂದಳು, ಫೋನು ಇಟ್ಟೆ. ಅವರು ಹಾಕುವುದಿಲ್ಲ, ಗೋಡೆಯ ಮೇಲಿನ ಇದ್ದಿಲು ನನ್ನ ಫೋನಿಗೆ ಅಳಿಯುವುದಿಲ್ಲ, ಸಂಜೆ ಬಕೆಟ್ಟು ಬ್ರಷ್ಷು ತಗೊಂಡು ನಾನೇ ಹೋಗಬೇಕು, ನಾನೂ ಬರ್ತೀನಿ, ಅಂದರು ರೇಡಿಯೊ, ನಾನು ಬಾಯಿಬಿಟ್ಟು ಏನೂ ಅಂದಿರಲಿಲ್ಲ, ಅಂದಿದ್ದೆನೇನೋ. ಹುಡುಗಿ ಅಷ್ಟರಲ್ಲಿ ತನ್ನ ಫೋನು ಒತ್ತಿದ್ದಳು, ಅಮ್ಮಾ, ಅಂಗಡಿ ಅಂಕಲ್ ಮಾತಾಡ್ತಾರೆ, ಅಂತ ನನ್ನ ಕಿವಿಗೆ ಹಿಡಿದಳು, ನನ್ನ ಕೈಯೆಲ್ಲ ನೊರೆ, ಹೇಳಿದೆ, ಅದೇ ಮಾತು, ಅವರು ಸುಮ್ಮನೆ ನಿದ್ದೆ ಮಾಡ್ತಿದ್ರಮ್ಮ, ನಾನು ಸರಿಯಾಗಿ ಹೇಳಬೇಕಿತ್ತು, ಹೇಳಲಿಲ್ಲ, ಆ ಕಡೆ ಒಂದು ಫ್ಯಾನು ತಿರುಗುವ ಸದ್ದು, ಆಮೇಲೆ ಕೇಳಿದರು, ಗೊರಕೆ ಹೊಡೆದ್ರಾ. ಹೂಂ, ಸಣ್ಣಗೆ, ಅಂದೆ. ಕೂತು ಮಲಗಿದ್ರೆ ಅವರಿಗೆ ಕತ್ತು ಹಿಡ್ಕೊಳ್ಳುತ್ತೆ, ಅಂದರು, ಯಾರೋ ಒಳಕೋಣೆಯಲ್ಲಿ ಮಲಗಿರುವ ಹಾಗೆ, ದನಿ ತಗ್ಗಿಸಿ, ಅವತ್ತು ಕತ್ತು ಹಿಡ್ಕೊಂಡೇ ಹೋದ್ರೇನೋ. ಇಲ್ಲಮ್ಮ, ಅಂದೆ, ನಾನು ಹಿಡ್ಕೊಂಡಿದ್ದೆ — ಹೇಳಿದ ಮೇಲೆಯೇ ನನಗೂ ನೆನಪಾಯಿತು, ಹೌದು, ಕಿವಿಯ ಹಿಂದೆ ಕತ್ತಿ ಆಡಿಸುವಾಗ ತಲೆ ವಾಲಿತು, ನಾನು ಅಂಗೈ ಕೊಟ್ಟೆ, ಒಂದು ಕೈಯಲ್ಲೇ ಕೆಲಸ ಮುಗಿಸಿದೆ, ಮುಗಿದ ಮೇಲೂ ಎಬ್ಬಿಸಲಿಲ್ಲ, ಬೆಚ್ಚಗಿತ್ತು, ಉಸಿರು ಮಣಿಕಟ್ಟಿಗೆ ತಾಗುತ್ತಿತ್ತು, ಹೊರಗೆ ಹಾಲಿನ ವ್ಯಾನು ಹೋಯಿತು, ಇನ್ನೈದು ನಿಮಿಷ ಮಲಗಲಿ ಅಂದುಕೊಂಡೆ, ಸಂಜೆ ಡ್ಯೂಟಿ ಇದೆಯಲ್ಲ, ಹುಡುಗಿ ಫೋನು ತೆಗೆದುಕೊಂಡು ಹೋದಳು, ಡ್ರೈವರ್ ಕಾಯುತ್ತಿದ್ದಾನೆ, ಬಲಗೆನ್ನೆಯ ನೊರೆ ಒಣಗುತ್ತಿದೆ, ಕತ್ತಿ ಎತ್ತಿಕೊಳ್ಳಬೇಕು, ಎತ್ತಿಕೊಳ್ಳಲು ಆಗುತ್ತಿಲ್ಲ, ಕೈ ಖಾಲಿ ಇಲ್ಲ, ಅಂಗೈಯಲ್ಲಿ ಅವರ ತಲೆ, ಇಷ್ಟೊಂದು ಭಾರ, ಎರಡು ಸೇರಿನ ತಂಬಿಗೆಯಷ್ಟು, ಬೆಚ್ಚಗೆ, ಅಂಗೈಯಲ್ಲಿ, ತಲೆ