ಸೀನಪ್ಪ ಸಭೆಗೆ ಹೋದದ್ದು

ಮಗಳನ್ನು ನಡುವಿನ ಬೆಂಚಿನಿಂದ ಎಬ್ಬಿಸಿ ಮುಂದಿನ ಬೆಂಚಿನ ಎಡತುದಿಗೆ, ಗೋಡೆ ಪಕ್ಕಕ್ಕೆ ಕೂರಿಸಿದ್ದಾರೆ ಎಂದು ತಿಳಿದಾಗಿನಿಂದ ಸೀನಪ್ಪನ ಮನಸ್ಸು ಸರಿ ಇರಲಿಲ್ಲ.

“ದನ ಸಾಕೋರ ಮನೆ ಮಗು ಅಂತ ಮೂಲೆಗೆ ತಳ್ಳವ್ರೆ” ಎಂದು ಹೆಂಡತಿ ಆದಿಲಕ್ಷ್ಮಮ್ಮನ ಮುಂದೆ ಗೊಣಗಿದ.

ಬೇತಮಂಗಲದ ಹತ್ತಿರದ ಹಳ್ಳಿ ಅವರದು. ಮಗಳು ಶಶಿರೇಖ ಬಸ್ಸಿನಲ್ಲಿ ರಾಬರ್ಟ್‌ಸನ್‌ಪೇಟೆಯ ಶಾಲೆಗೆ ಹೋಗಿ ಬರುತ್ತಿದ್ದಳು, ಆರನೇ ಕ್ಲಾಸು. ಬೆಳಗ್ಗೆ ಹಾಲು ಕರೆಯುವ ಗಡಿಬಿಡಿಯಲ್ಲೇ ಅವಳ ತಯಾರಿಯೂ ನಡೆಯಬೇಕು. ಯೂನಿಫಾರಮ್ಮಿಗೆ ಒಮ್ಮೊಮ್ಮೆ ಕೊಟ್ಟಿಗೆಯ ವಾಸನೆ ಅಂಟಿರುತ್ತದೆ ಎಂಬುದು ಅವನಿಗೂ ಗೊತ್ತಿತ್ತು. ಅದಕ್ಕೇ ಮಗಳ ಜಾಗ ಬದಲಿಸಿದ್ದು ಅಷ್ಟು ಚುಚ್ಚಿತ್ತು.

ಪೋಷಕರ ಸಭೆಗೆ ಯಾವಾಗಲೂ ಹೋಗುತ್ತಿದ್ದವಳು ಆದಿಲಕ್ಷ್ಮಮ್ಮ. ಈ ಸಲ ಅವಳಿಗೆ ಜ್ವರ. “ನೀನೇ ಓಗಿ ಕೇಳ್ಕೊಂಡು ಬಾ. ಜಗಳ ಮಾತ್ರ ಆಡ್ಬೇಡ” ಎಂದಳು.

ಬಂಗಾರಪೇಟೆಯಿಂದ ಟ್ರೈನಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗುವ ತಂದೆತಾಯಿಗಳು ಬಹಳ ಇದ್ದುದರಿಂದ ಸಭೆಯನ್ನು ಸಂಜೆಗೆ ಇಟ್ಟಿದ್ದರು. ಸೀನಪ್ಪ ಹೋಗುವಷ್ಟರಲ್ಲಿ ತರಗತಿ ತುಂಬಿತ್ತು. ಮಕ್ಕಳ ಬೆಂಚಿನಲ್ಲಿ ಮೊಣಕಾಲು ಮಡಚಿ ಕೂತು ಟೀಚರ್ ವಾಣಿಶ್ರೀಯನ್ನು ನೋಡತೊಡಗಿದ. ಸುಮಾರು ನಲವತ್ತರ ಹೆಂಗಸು. ಬೆಳಗ್ಗೆಯಿಂದ ಪಾಠ ಮಾಡಿ ಗಂಟಲು ಕಟ್ಟಿತ್ತು. ಮೇಜಿನ ಮೇಲಿನ ಟೀ ತಣ್ಣಗಾಗಿ ಕೆನೆ ಕಟ್ಟಿತ್ತು. ಕುಡಿಯಲು ಲೋಟ ಎತ್ತಿದಾಗಲೆಲ್ಲ ಇನ್ನೊಬ್ಬರು ಬಂದು ಎದುರು ಕೂರುತ್ತಿದ್ದರು, ಟೀಚರ್ ಲೋಟ ಕೆಳಗಿಡುತ್ತಿದ್ದರು.

ಸೀನಪ್ಪನಿಗಿಂತ ಮುಂಚೆ ಇದ್ದವನು ಉರಿಗಾಂನ ಆಟೋ ಡ್ರೈವರ್ ಸೆಲ್ವರಾಜ್. ಟೀಚರ್ ಅವನ ಜೊತೆ ತಮಿಳಿನಲ್ಲಿ ಮಾತಾಡಿದರು. ನಡುನಡುವೆ ಪದ ಸಿಗದೆ ತಡವರಿಸಿ ತಾವೇ ನಗುತ್ತಿದ್ದರು. ಸೀನಪ್ಪನಿಗೂ ಅಷ್ಟಿಷ್ಟು ತಮಿಳು ಬರುತ್ತಿತ್ತು. ಅವನ ಮಗಳು ಪ್ರಿಯಾ ಲೆಕ್ಕ ಸರಿಯಾಗಿಯೇ ಮಾಡುತ್ತಾಳೆ, ಆದರೆ ತಪ್ಪಿದ್ದರೆ ಎಂಬ ಭಯಕ್ಕೆ ಬರೆದ ಉತ್ತರ ಅಳಿಸಿಬಿಡುತ್ತಾಳೆ, ಮನೆಯಲ್ಲಿ ಮಾರ್ಕ್ಸಿಗೆ ಬೈಯಬೇಡಿ ಎನ್ನುತ್ತಿದ್ದರು. ಸೆಲ್ವರಾಜ್ ತಲೆ ತಗ್ಗಿಸಿ ಕೇಳಿಸಿಕೊಂಡು, ಕೈ ಮುಗಿದು ಎದ್ದ.

ತರಗತಿ ತುಂಬ ಮಕ್ಕಳು, ಅದರಲ್ಲಿ ಒಂದು ಮಗು ರಬ್ಬರಿನಲ್ಲಿ ಉತ್ತರ ಅಳಿಸುವುದು ಇವರಿಗೆ ಹೇಗೆ ಕಂಡಿತು ಎಂದು ಸೀನಪ್ಪ ಯೋಚಿಸುತ್ತಿರುವಾಗಲೇ ಅವನ ಸರದಿ ಬಂತು.

“ಶಶಿರೇಖಳ ತಂದೆ ಅಲ್ವಾ? ನಿಮ್ಮನ್ನ ನೋಡ್ಬೇಕು ಅಂತಾನೇ ಇದ್ದೆ.”

“ನಾನೂ ಕೇಳ್ಬೇಕು ಅಂತಾನೇ ಬಂದೆ ಮೇಡಂ” ಎಂದ ಬಿಗಿಯಾಗಿ. “ಮಗೀನ ಯಾಕೆ ಗೋಡೆ ಪಕ್ಕ ಕೂರ್ಸಿದ್ದೀರ?”

ಟೀಚರ್ ಕುರ್ಚಿಯನ್ನು ಸ್ವಲ್ಪ ಹತ್ತಿರಕ್ಕೆ ಎಳೆದುಕೊಂಡರು. “ಅವಳಿಗೆ ಎಡಗಡೆ ಕಿವಿ ಸರಿಯಾಗಿ ಕೇಳಿಸಲ್ಲ ಅಂತ ನನ್ನ ಅನುಮಾನ. ಬಲಗಡೆ ನಿಂತು ಕರೆದ್ರೆ ತಕ್ಷಣ ತಿರುಗ್ತಾಳೆ. ಎಡಗಡೆಯಿಂದ ಕರೆದ್ರೆ ಪಕ್ಕದವರ ಮುಖ ನೋಡ್ತಾಳೆ. ಉಕ್ತಲೇಖನ ಹೇಳುವಾಗ ಬೇಕಂತಲೇ ಆ ಕಡೆ ಈ ಕಡೆ ಓಡಾಡಿ ನೋಡಿದೆ. ನಾನು ಎಡಗಡೆ ಇದ್ದಾಗಲೇ ತಪ್ಪು ಬರೀತಾಳೆ. ಅಲ್ಲಿ ಕೂತ್ರೆ ಗೋಡೆ ಎಡಕ್ಕೆ, ಒಳ್ಳೆ ಕಿವಿ ನಮ್ಮ ಕಡೆಗೆ. ಯಾವಾಗಲಾದ್ರೂ ಕಿವಿ ಸೋರ್ತಿತ್ತಾ?”

ಸೋರುತ್ತಿತ್ತು, ಈಗಲೂ ಒಮ್ಮೊಮ್ಮೆ. ಚಿಕ್ಕಂದಿನಲ್ಲಿ ಎಣ್ಣೆ ಬಿಟ್ಟು ಸುಮ್ಮನಾಗಿದ್ದರು. ಕರೆದರೆ ಓ ಅನ್ನುವುದಿಲ್ಲ, ಗರ್ವ ಎಂದು ಅವನೇ ಎಷ್ಟೋ ಸಲ ಮಗಳನ್ನು ಗದರಿಸಿದ್ದ. ಸೀನಪ್ಪ ಗೋಡೆ ಪಕ್ಕದ ಆ ಬೆಂಚಿನ ತುದಿಯ ಕಡೆ ತಿರುಗಿ ನೋಡಿದ.

“ಗಾಬರಿ ಬೇಡ. ಡಾಕ್ಟರಿಗೆ ತೋರಿಸಿ, ಬೇಗ ತೋರಿಸಿ. ಹುಡುಗಿ ತುಂಬಾ ಚುರುಕು” ಎಂದರು ಟೀಚರ್.

ಎಲ್ಲರ ಸರದಿ ಮುಗಿದ ಮೇಲೆ ಹೆಡ್‌ಮಾಸ್ಟರ್ ಮುನಿರಾಜು ಬಂದು, ದೂರುಗಳೇನಾದರೂ ಇದ್ದರೆ ಹೇಳಿ ಎಂದರು. ಒಬ್ಬರು ಕುಡಿಯುವ ನೀರಿನ ನಲ್ಲಿಯ ಬಗ್ಗೆ ಹೇಳಿದರು, ಇನ್ನೊಬ್ಬರು ಕಾಂಪೌಂಡಿನ ಬಗ್ಗೆ. ಆಮೇಲೆ ಸೀನಪ್ಪ ಎದ್ದು ನಿಂತ. ಜನರೆದುರು ಮಾತಾಡಿ ಅಭ್ಯಾಸವಿಲ್ಲದವನು, ಮುಂದಿನ ಬೆಂಚನ್ನು ಹಿಡಿದುಕೊಂಡ.

“ದೂರು ಇಲ್ಲ ಸಾರ್. ನಾನು ಹಸು ಸಾಕಿರೋನು. ಒಂದು ಹಸ ಒಂದೊತ್ತು ಮೇವು ಬಿಟ್ರೂ ನಂಗೆ ಗೊತ್ತಾಯ್ತದೆ. ನನ್ನ ಮಗಳಿಗೆ ಕಿವಿ ಕೇಳ್ಸಲ್ಲ ಅನ್ನೋದು ಗೊತ್ತಾಗ್ನಿಲ್ಲ. ಇಷ್ಟು ಮಕ್ಕಳ ಮಧ್ಯೆ ಈಯಮ್ಮ ನೋಡವ್ರೆ. ಬೆಳಗ್ಗಿಂದ ನಿಂತು ಪಾಠ ಮಾಡಿ, ಈಗ ನಮ್ಗೂ ಒಬ್ಬೊಬ್ಬರಿಗೆ ಕೂತು ಹೇಳವ್ರೆ. ನಾನು ಜಗಳ ಆಡಕ್ಕೆ ಬಂದಿದ್ದೆ. ಅದನ್ನ ಎಲ್ಲರ ಮುಂದೆ ಹೇಳ್ಬೇಕು ಅನ್ನಿಸ್ತು.”

ಯಾರೂ ಚಪ್ಪಾಳೆ ತಟ್ಟಲಿಲ್ಲ. ಸೆಲ್ವರಾಜ್ ಮಾತ್ರ, “ಕರೆಕ್ಟ್” ಎಂದ. ವಾಣಿಶ್ರೀ ಪುಸ್ತಕಗಳನ್ನು ಜೋಡಿಸುವವರಂತೆ ತಲೆ ಬಗ್ಗಿಸಿಕೊಂಡರು.

ಸೋಮವಾರವೇ ಸೀನಪ್ಪ ಮಗಳನ್ನು ಕೋಲಾರದ ಆಸ್ಪತ್ರೆಗೆ ಕರೆದುಕೊಂಡು ಹೋದ. ಕಿವಿಯ ತಮಟೆ ತೂತಾಗಿದೆ, ಈಗ ಔಷಧಿಯಲ್ಲಿ ಸೋರುವುದು ನಿಲ್ಲಲಿ, ಆಮೇಲೆ ಸಣ್ಣ ಆಪರೇಷನ್ನಿನಿಂದ ಮುಚ್ಚಬಹುದು ಎಂದರು ಡಾಕ್ಟರ್. ವಾಪಸು ಬರುವಾಗ ಬಸ್ಸಿನಲ್ಲಿ ಶಶಿರೇಖ, “ಮಿಸ್ಸು ಬೈದ್ರಾ ನಿನ್ನ?” ಎಂದು ಕೇಳಿದಳು.

“ಇಲ್ಲ ಕಣವ್ವ. ನೀನು ಚುರುಕು ಅಂದ್ರು.”

ಅವಳು ಕಿಟಕಿ ಕಡೆ ತಿರುಗಿ ನಕ್ಕಳು.

ಹಾಲಿನ ಡೇರಿಯ ಸಾಲಿನಲ್ಲಿ ಸೀನಪ್ಪ ಈ ಕತೆಯನ್ನು ಎಷ್ಟು ಸಲ ಹೇಳಿದನೋ. ಮುಂದಿನ ಸಭೆಗೆ ಆ ಹಳ್ಳಿಯಿಂದ ಹೆಂಗಸರ ಜೊತೆ ಗಂಡಸರೂ ಬಸ್ಸು ಹತ್ತಿದರು.