ಹನ್ನೊಂದನೆಯ ಕೋಟು

ಕೌದಿಯಕ್ಕನ ಮನೆಯಲ್ಲಿ ಮನುಷ್ಯರಿಗಿಂತ ಯಂತ್ರಕ್ಕೇ ಜಾಗ ಹೆಚ್ಚು. ಮುಂದಿನ ಕೋಣೆಯ ಈ ಗೋಡೆಯಿಂದ ಆ ಗೋಡೆಯವರೆಗೆ ಹನ್ನೆರಡು ಅಡಿಯ ಕಬ್ಬಿಣದ ಚೌಕಟ್ಟು. ಅದಕ್ಕೆ ಮೂರು ಉರುಳೆಗಳು: ಒಂದಕ್ಕೆ ಅಡಿಬಟ್ಟೆ, ಒಂದಕ್ಕೆ ತುಂಡುಗಳನ್ನು ಕೂಡಿಸಿದ ಮೇಲ್ಬಟ್ಟೆ, ಎರಡರ ನಡುವೆ ಹತ್ತಿಯ ಹಾಸು, ಹೊಲಿದದ್ದನ್ನು ಸುತ್ತಿಕೊಳ್ಳಲು ಮೂರನೆಯದು. ಅದರ ಮೇಲೆ, ಹಳಿಗಳ ಮೇಲೆ ಓಡಾಡುವ, ಕುದುರೆಯ ಕತ್ತಿನಷ್ಟು ಉದ್ದದ ತೋಳಿನ ಹೊಲಿಗೆ ಯಂತ್ರ. ಎರಡು ಹಿಡಿಗಳನ್ನು ಹಿಡಿದು, ನಿಂತುಕೊಂಡೇ, ಬಟ್ಟೆಯ ಮೇಲೆ ಚಿತ್ರ ಬರೆದಂತೆ ಅದನ್ನು ಓಡಿಸಬೇಕು. ಬೀದಿಯ ಹೆಂಗಸರು ತಮ್ಮ ಮನೆಯಲ್ಲಿ ಕೂಡಿಸಿದ ಕೌದಿಗಳನ್ನು ತಂದುಕೊಡುತ್ತಾರೆ. ಮೂರು ಪದರವನ್ನು ಒಂದು ಮಾಡಿ ಕೊಡುವುದು ಕೌದಿಯಕ್ಕನ ಕೆಲಸ.

ಗೋಡೆಯ ಮೇಲೊಂದು ತಂತಿ. ತಂತಿಯಲ್ಲಿ ಸರದಿಯ ಚೀಟಿಗಳು. ಗಿರಾಕಿಗಳದ್ದು ಬಿಳಿ, ತನ್ನದು ಹಳದಿ. ಹೊಸ ಬಿಳಿ ಚೀಟಿ ಬಂದಾಗಲೆಲ್ಲ ಹಳದಿಗಳು ಬೆರಳಿನಷ್ಟು ಹಿಂದಕ್ಕೆ ಸರಿಯುತ್ತವೆ. ಹಾಗೆ ಸರಿದೂ ಸರಿದೂ ತಂತಿಯ ಕೊನೆಯ ಮೊಳೆಗೆ ಅಂಟಿ, ಬಿಸಿಲಿಗೆ ಹಳದಿಯೂ ಬಿಳಿಯೂ ಅಲ್ಲದ ಬಣ್ಣಕ್ಕೆ ಬಂದಿವೆ.

"ನಮ್ಮ ಬೀರುವಿನಲ್ಲಿ ಏಳು ಕೌದಿ ಬಸುರಿಯಾಗಿ ಕೂತಿವೆ, ಒಂದೂ ಹೆರೋದಿಲ್ಲ," ಎಂದು ನಗುತ್ತಿದ್ದವಳು ತಂಗಿ. ಬಾಯಿ ಬಿಟ್ಟರೆ ಪಟಪಟ ಸಿಡಿಯುತ್ತಿದ್ದುದರಿಂದ ಅವಳನ್ನು ಮನೆಯವರೂ ಬೀದಿಯವರೂ ಚಿನಕುರುಳಿ ಎಂದೇ ಕರೆಯುತ್ತಿದ್ದರು. "ಊರಿಗೆಲ್ಲ ಬೆಚ್ಚಗೆ ಹೊದಿಸ್ತಾಳೆ ನಮ್ಮಕ್ಕ. ನಾವು ಮಾತ್ರ ಹಳೇ ಕಂಬಳಿ ಎಳೆದಾಡಬೇಕು, ಕಾಲು ಮುಚ್ಚಿದರೆ ಕಿವಿ ಹೊರಗೆ!"

ಚಿನಕುರುಳಿ ಸತ್ತು ಮೂರು ವರ್ಷ. ಬೀರುವಿನಲ್ಲಿ ಈಗ ಎಂಟು ಕೌದಿಗಳಿವೆ. ಎಂಟನೆಯದಕ್ಕೆ ಚೀಟಿಯೇ ಇಲ್ಲ.

ಅದರ ಬಗ್ಗೆ ಕೇಳಲು ಪ್ರತಿ ವಾರ ಬರುವವಳು ಗಂಟೆಯಮ್ಮ. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಪಾಳಿಯ ಗಂಟೆ ಬಾರಿಸುತ್ತಿದ್ದವಳು. ಈಗ ಗಂಟೆಯೂ ಇಲ್ಲ, ಕೆಲಸವೂ ಇಲ್ಲ, ದನಿ ಮಾತ್ರ ಹಾಗೇ ಇದೆ. ಅವಳ ಸೊಸೆ ಅದೇ ಕಾರ್ಖಾನೆಯ ಒಣಗಿಸುವ ಕೋಣೆಯ ಮಾಡು ಕುಸಿದಾಗ ಸತ್ತಳು. ಅಲ್ಲಿ ಸತ್ತವರು ಹನ್ನೊಂದು ಹೆಂಗಸರು. ಮಾಡು ಬಿರುಕು ಬಿಟ್ಟಿದೆ ಎಂದು ಅವರು ಆರು ತಿಂಗಳಿನಿಂದ ಹೇಳುತ್ತಿದ್ದರು. ಕಂಪನಿ ಬಿರುಕಿಗೆ ಸುಣ್ಣ ಬಳಿಸಿತ್ತು. ಬಿರುಕು ಕಾಣದ ಹಾಗಾಯಿತು. ಕಾಣದ್ದು ಇಲ್ಲವೇ ಇಲ್ಲ ಎಂಬುದು ಮೇಜಿನ ಹಿಂದೆ ಕೂರುವವರ ನಂಬಿಕೆ.

ಸತ್ತವರ ಮನೆಯವರೆಲ್ಲ ಸೇರಿ ಅವರ ನೀಲಿ ಕೆಲಸದ ಕೋಟುಗಳಿಂದ ಒಂದು ಕೌದಿ ಮಾಡಿಸಿ ವಿಚಾರಣೆಯ ದಿನ ಕಾರ್ಖಾನೆಯ ಗೇಟಿಗೆ ತೂಗುಹಾಕುವುದೆಂದು ತೀರ್ಮಾನಿಸಿದ್ದರು. ಹತ್ತು ಮನೆಯಿಂದ ಹತ್ತು ಕೋಟು ಬಂದಿದ್ದವು. ಹತ್ತು ಚೌಕಗಳೂ ಸಿದ್ಧವಾಗಿದ್ದವು. ಹನ್ನೊಂದನೆಯದು ಕೌದಿಯಕ್ಕನ ಮನೆಯದೇ. ಚಿನಕುರುಳಿಗೆ ಕೋಟಿರಲಿಲ್ಲ, ಅವಳು ಆ ದಿನ ತೊಟ್ಟಿದ್ದ ಬಟ್ಟೆಯದೇ ಒಂದು ಚೌಕವಾಗಲಿ ಎಂದಿದ್ದರು.

"ಸೋಮವಾರ ವಿಚಾರಣೆ ಅಧಿಕಾರಿ ಬರ್ತಾರೆ," ಎಂದಳು ಗಂಟೆಯಮ್ಮ, ಹೊಸ್ತಿಲ ಮೇಲೆ ನಿಂತು ಬೀದಿಗೆಲ್ಲ ಕೇಳುವಂತೆ. "ಇವತ್ತು ಬುಧವಾರ. ಯಾವಳದೋ ಮೊಮ್ಮಗನ ತೊಟ್ಟಿಲ ಕೌದಿಗೆ ಬಳ್ಳಿ ಬಿಡಿಸ್ತಾ ಕೂತಿದ್ದೀಯಲ್ಲೇ!"

"ಅದು ಸರದಿ ಪ್ರಕಾರ..."

"ಸರದಿಯಂತೆ, ಸರದಿ! ಸಾಯೋವಾಗ ಸರದಿಯಲ್ಲಿ ನಿಂತಿದ್ದರಾ ಅವರು?" ಆಮೇಲೆ ದನಿ ತಗ್ಗಿಸಿದಳು. "ಕತ್ತರಿ ಹಾಕೋಕೆ ಕೈ ಬರೋದಿಲ್ಲ ಅಂತ ಗೊತ್ತು ಮಗಳೇ. ಬೆನ್ನಿನ ಭಾಗ ಒಂದು ತುಂಡು ತೆಗಿ, ಸಾಕು. ಉಳಿದದ್ದನ್ನ ಇಟ್ಟುಕೋ."

ಒಳಕೋಣೆಯಲ್ಲಿ ಅಮ್ಮ ಕೇಳಿಸಿಕೊಳ್ಳುತ್ತಿದ್ದಳು. ಅಮ್ಮನಿಗೆ ಕಣ್ಣು ಮಂಜಾಗಿದೆ, ಕಿವಿ ಮಾತ್ರ ಚುರುಕು. ಆದರೆ ಈ ಮಾತು ಬಂದಾಗಲೆಲ್ಲ ಅವಳು ಹಿತ್ತಲಿಗೆ ಹೋಗಿ ಸುಮ್ಮನೆ ನಲ್ಲಿ ತಿರುಗಿಸುತ್ತಾಳೆ. ನೀರಿನ ಸದ್ದು ಬೇಕು ಅವಳಿಗೆ.

ಅದೇ ಮಧ್ಯಾಹ್ನ ಕಂಪನಿಯ ಆಫೀಸಿನಿಂದ ಒಬ್ಬ ಗುಮಾಸ್ತ ಬಂದ. ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ಮುಖ. ಬಗಲಲ್ಲಿ ಒಂದು ಗಂಟು.

"ಕಂಪನಿಯಿಂದ ಸ್ಮಾರಕ ಕೌದಿ ಮೇಡಂ. ಹೊಸ ಕಟ್ಟಡದ ಮೊಗಸಾಲೆಯಲ್ಲಿ ಗಾಜಿನ ಒಳಗೆ ಇಡ್ತಾರೆ. ಚೌಕ ಎಲ್ಲಾ ಕೂಡಿಸಿ ಆಗಿದೆ. ನೀವು ಮೇಲೆ ಹೊಲಿಗೆ ಹಾಕಿದರೆ ಮುಗೀತು. ಸೋಮವಾರದೊಳಗೆ ಬೇಕು."

ಕೌದಿಯಕ್ಕ ಗಂಟು ಬಿಚ್ಚಿ ಹಾಸಿದಳು. ಗರಿಗರಿಯಾದ ಹೊಸ ನೀಲಿ ಬಟ್ಟೆ. ಯಾರ ಬೆವರೂ ಮುಟ್ಟದ್ದು. ಅಡ್ಡಕ್ಕೆ ಮೂರು, ಉದ್ದಕ್ಕೆ ನಾಲ್ಕು, ಒಟ್ಟು ಹನ್ನೆರಡು ಚೌಕ. ಹತ್ತರಲ್ಲಿ ಹತ್ತು ಹೆಸರು. ಉಳಿದ ಎರಡರಲ್ಲಿ ಬಂಗಾರದ ದಾರದ ಕಂಪನಿ ಮುದ್ರೆ.

"ಎರಡು ಮುದ್ರೆ ಯಾಕೆ?"

"ಚೌಕ ಉಳೀತಲ್ಲ ಮೇಡಂ," ಎಂದ ಗುಮಾಸ್ತ. ಕೆಟ್ಟವನೇನಲ್ಲ, ನಿಜಕ್ಕೂ ಚೌಕ ಉಳಿದದ್ದಕ್ಕೇ ಹಾಕಿದ್ದೆಂದು ನಂಬಿದ್ದ.

"ಸತ್ತವರು ಹನ್ನೊಂದು."

"ನಮ್ಮ ರಿಜಿಸ್ಟರಲ್ಲಿ ಹತ್ತು. ಇನ್ನೊಬ್ಬರು ಹೊರಗಿನವರಲ್ವಾ, ಊಟದ ಡಬ್ಬಿ ಕೊಡೋಕೆ ಅಪ್ಪಣೆ ಇಲ್ಲದೆ ಒಳಗೆ ಬಂದವರು." ಹೇಳಿದ ಮೇಲೆ ಯಾರ ಮನೆಯಲ್ಲಿ ನಿಂತಿದ್ದೇನೆ ಎಂಬುದು ಅವನಿಗೆ ನೆನಪಾಯಿತು. ಕಿವಿ ಕೆಂಪಾಯಿತು. ಗಂಟನ್ನು ಅಲ್ಲೇ ಬಿಟ್ಟು, ಚಪ್ಪಲಿ ಅದಲುಬದಲಾಗಿ ಮೆಟ್ಟಿಕೊಂಡು ಹೊರಟುಬಿಟ್ಟ.

ಹೊರಗಿನವಳು. ಆ ಮಾತನ್ನು ಹುಟ್ಟಿಸಿದ್ದು ಕಂಪನಿಯಲ್ಲ. ಅದನ್ನು ಬಲ್ಲವಳು ಭೂಮಿಯ ಮೇಲೆ ಒಬ್ಬಳೇ. ಅವಳು ಯಂತ್ರದ ಎರಡು ಹಿಡಿಗಳನ್ನು ಹಿಡಿದು ಓಡಿಸದೆ ನಿಂತಿದ್ದಳು.

ಕೌದಿಯಕ್ಕನೂ ಒಂಬತ್ತು ವರ್ಷ ಆ ಒಣಗಿಸುವ ಕೋಣೆಯಲ್ಲೇ ದುಡಿದವಳು. ಬಿಲ್ಲೆ ನಂಬರು ಇನ್ನೂರ ಹದಿನಾಲ್ಕು. ಗೇಟಿನಲ್ಲಿ ಹಿತ್ತಾಳೆಯ ಬಿಲ್ಲೆ ತೋರಿಸಿದರೆ ಒಳಗೆ ಬಿಡುತ್ತಿದ್ದರು. ಮುಖವನ್ನು ಯಾರೂ ನೋಡುತ್ತಿರಲಿಲ್ಲ. ನೀಲಿ ಕೋಟು, ತಲೆಗೆ ಕಟ್ಟಿದ ಬಟ್ಟೆ, ಬಣ್ಣದ ಹಬೆ. ಮುನ್ನೂರು ಹೆಂಗಸರು ಮುನ್ನೂರು ಅಂಕಿಗಳಾಗಿದ್ದರು. ಹಾಗಾಗಿ ಹೆಂಗಸರು ತಮ್ಮೊಳಗೇ ಒಂದು ದಾರಿ ಮಾಡಿಕೊಂಡಿದ್ದರು: ಜ್ವರ ಬಂದರೆ, ಮಗುವಿಗೆ ಹುಷಾರಿಲ್ಲದಿದ್ದರೆ, ರಜೆ ಕೇಳಿ ಕೆಲಸ ಕಳೆದುಕೊಳ್ಳುವ ಬದಲು ಅಕ್ಕನ ಬಿಲ್ಲೆಯಲ್ಲಿ ತಂಗಿ, ಅತ್ತೆಯ ಬಿಲ್ಲೆಯಲ್ಲಿ ಸೊಸೆ ಹೋಗಿಬರುತ್ತಿದ್ದರು. ಸಿಕ್ಕಿಬಿದ್ದರೆ ಇಬ್ಬರಿಗೂ ಜೈಲು ಎಂದು ಗೋಡೆಯ ಮೇಲೆ ಬರೆದಿತ್ತು. ಯಾರೂ ಸಿಕ್ಕಿಬಿದ್ದಿರಲಿಲ್ಲ. ಅಂಕಿ ಬಂದರೆ ಸಾಕಿತ್ತು ಅವರಿಗೆ.

ಆ ದಿನ ಕೌದಿಯಕ್ಕನಿಗೆ ಜ್ವರವಿರಲಿಲ್ಲ. ಮಗುವೂ ಇರಲಿಲ್ಲ. ಊರಾಚೆಯ ಒಬ್ಬರ ಉದ್ದತೋಳಿನ ಯಂತ್ರವನ್ನು ಬಾಡಿಗೆಗೆ ಹಿಡಿದು ಅವಳು ಬಿಡುವಿನಲ್ಲಿ ಆಗಲೇ ಗಿರಾಕಿಗಳ ಕೌದಿ ಹೊಲಿಯುತ್ತಿದ್ದಳು. ಒಬ್ಬ ಗಿರಾಕಿಗೆ ಸಂಜೆಯೊಳಗೆ ಕೊಡಲೇಬೇಕಿತ್ತು.

"ಹೋಗು ಮಾರಾಯ್ತಿ, ನಿನ್ನ ಬಿಲ್ಲೆ ನಾನು ಹಾಕ್ಕೊಂಡು ಹೋಗ್ತೀನಿ," ಎಂದಿದ್ದಳು ಚಿನಕುರುಳಿ. "ಆದರೆ ಒಂದು ಮಾತು. ಬೀರುವಿನಲ್ಲಿರೋ ಕೆಂಪು ಕೌದಿ ಈ ಚಳಿಯೊಳಗೆ ನನಗೆ ಮುಗಿಸಿಕೊಡಬೇಕು. ಆಣೆ ಮಾಡು."

"ಆಣೆ. ಇದೊಂದು ಗಿರಾಕಿದು ಮುಗೀಲಿ."

ಅಮ್ಮನಿಗೆ ಹೇಳಲಿಲ್ಲ. ಚಿನಕುರುಳಿಗೆ ಬಣ್ಣದ ಹಬೆ ಆಗುತ್ತಿರಲಿಲ್ಲ, ಅಮ್ಮ ಬಿಡುತ್ತಿರಲಿಲ್ಲ. ಅಕ್ಕ ಎಂದಿನಂತೆ ಮುಂಚೆಯೇ ಹೊರಟಳು. ಅಮ್ಮ ಊಟದ ಡಬ್ಬಿ ಕಟ್ಟಿ, "ನಿಮ್ಮಕ್ಕ ಡಬ್ಬಿ ಮರೆತು ಹೋದಳಲ್ಲೇ, ಓಡಿಹೋಗಿ ಕೊಟ್ಟು ಬಾ," ಎಂದಳು. ತಂಗಿ ಡಬ್ಬಿಯನ್ನೂ, ಚೀಲದಲ್ಲಿ ಅಡಗಿಸಿದ ಅಕ್ಕನ ಕೋಟನ್ನೂ ತೆಗೆದುಕೊಂಡು ನಗುತ್ತಾ ಹೋದಳು.

ಹನ್ನೊಂದೂವರೆಗೆ ಮಾಡು ಬಿತ್ತು. ಅವಳ ಪಕ್ಕದಲ್ಲಿ ನಿಂತು ಅವಳ ಮುಖ ನೋಡಿದ್ದ ಹತ್ತೂ ಜನ ಉಳಿಯಲಿಲ್ಲ.

ಸುದ್ದಿ ತಿಳಿದು ಕೌದಿಯಕ್ಕ ಕೈಯಲ್ಲಿ ಬಾಬಿನ್ ಹಿಡಿದುಕೊಂಡೇ ಓಡಿ ಬಂದಳು. ಕಾರ್ಖಾನೆಯ ಅಂಗಳದಲ್ಲಿ ಬದುಕಿದವರ ಲೆಕ್ಕ ನಡೆದಿತ್ತು. ಯಾರೋ ಒಂದೊಂದೇ ನಂಬರು ಕೂಗುತ್ತಿದ್ದರು. ಅವಳು ಧೂಳಿನಲ್ಲಿ ತಂಗಿಯ ಮುಖ ಹುಡುಕುತ್ತಿದ್ದಳು. "ಇನ್ನೂರ ಹದಿನಾಲ್ಕು!" ಒಂಬತ್ತು ವರ್ಷ ದಿನಾ ಬೆಳಿಗ್ಗೆ ಹೇಳಿದ ಬಾಯಿ. ಮನಸ್ಸನ್ನು ಕೇಳಲೇ ಇಲ್ಲ ಅದು.

"ಇದ್ದೀನಿ," ಎಂದಳು.

ಪೆನ್ನು ಒಂದು ಗೀಟು ಎಳೆಯಿತು. ಆ ಒಂದು ಗೀಟಿನಲ್ಲಿ ಅವಳ ತಂಗಿ ಸತ್ತವರ ಲೆಕ್ಕದಿಂದಲೂ ಹೊರಗೆ ಬಿದ್ದಳು.

ಆಮೇಲೆ ಅಮ್ಮ ಎದೆ ಬಡಿದುಕೊಂಡು ಅಳುತ್ತಾ, "ನಾನೇ ಕಳಿಸಿದೆನಲ್ಲಾ! ಡಬ್ಬಿ ಕೊಟ್ಟು ಬಾ ಅಂತ ನಾನೇ ಕಳಿಸಿದೆನಲ್ಲಾ!" ಎಂದಾಗ ಕೌದಿಯಕ್ಕ ಬಾಯಿ ತೆರೆದಳು, ಮತ್ತೆ ಮುಚ್ಚಿದಳು. ಅಮ್ಮನ ಮಾತನ್ನೇ ಬೀದಿ ಹೇಳಿತು, ಬೀದಿಯ ಮಾತನ್ನು ಕಂಪನಿ ಬರೆದುಕೊಂಡಿತು. ಅಂದಿನಿಂದ ಅಮ್ಮ ಯಾರಿಗೂ ಡಬ್ಬಿ ಕಟ್ಟಲಿಲ್ಲ. ಒಲೆಯ ಮುಂದೆ ಕೂತಾಗ ತನ್ನ ಬಲಗೈಯನ್ನು ಯಾರದೋ ಕೈಯೆಂಬಂತೆ ನೋಡುತ್ತಿದ್ದಳು.

ಆಸ್ಪತ್ರೆಯವರು ಕೊಟ್ಟ ಚೀಲವನ್ನು ಕೌದಿಯಕ್ಕ ಅಮ್ಮನಿಗೆ ತೋರಿಸಲೇ ಇಲ್ಲ. ಎಂಟನೆಯ ಕೌದಿಯ ಕೆಳಗೆ ಅದನ್ನು ತುರುಕಿಟ್ಟಳು. ಗಂಟೆಯಮ್ಮ ತಿಳಿದಂತೆ ಕತ್ತರಿ ಹಾಕಲು ಅವಳಿಗೆ ಕೈ ಬಾರದ್ದು ನಿಜ. ಆದರೆ ಹೆದರಿಕೆ ಬಟ್ಟೆಯದಲ್ಲ, ಜೇಬಿನದು. ಕೋಟಿನ ಎಡಜೇಬಿನ ಮೇಲೆ ಕೆಂಪು ದಾರದಲ್ಲಿ ಇನ್ನೂರ ಹದಿನಾಲ್ಕು ಎಂದಿತ್ತು. ಹೊಲಿದವಳು ಅಮ್ಮ.

ಬೆನ್ನಿನ ಭಾಗ ಸಾಕು ಎಂದಿದ್ದಳು ಗಂಟೆಯಮ್ಮ. ನಿಜ, ಸಾಕಿತ್ತು. ಬೆನ್ನಿಗೆ ನಂಬರಿಲ್ಲ. ಗುರುವಾರ ಬೆಳಿಗ್ಗೆ ಅವಳು ತೊಟ್ಟಿಲ ಕೌದಿಯನ್ನು ಉರುಳೆಯಿಂದ ಇಳಿಸಿದಳು. ಗಿರಾಕಿಯ ಕೆಲಸ ಅರ್ಧಕ್ಕೆ ಇಳಿಸಿದ್ದು ಅದೇ ಮೊದಲು. ಚೀಲ ತೆಗೆದು ಕೋಟನ್ನು ಮೇಜಿನ ಮೇಲೆ ಕವುಚಿ ಹಾಸಿದಳು. ಬೆನ್ನಿನ ಮೇಲೆ ಅಳತೆಯ ಚೌಕ ಇಟ್ಟು ಸೀಮೆಸುಣ್ಣದಲ್ಲಿ ಗೆರೆ ಎಳೆದಳು. ಪಕ್ಕದಲ್ಲಿ ಕಂಪನಿಯ ಗಂಟು ಬಿಚ್ಚಿಯೇ ಬಿದ್ದಿತ್ತು. ಎರಡು ಬಂಗಾರದ ಮುದ್ರೆಗಳು ಎರಡು ಕಣ್ಣುಗಳಂತೆ ಅವಳನ್ನೇ ನೋಡುತ್ತಿದ್ದವು. ಅವು ಕಂಪನಿಯ ಕಣ್ಣುಗಳೋ, ತನ್ನವೇ ಕಣ್ಣುಗಳೋ? ಅವರು ಬಿರುಕಿಗೆ ಸುಣ್ಣ ಬಳಿದರು. ತನ್ನ ಕೈಯಲ್ಲಿರುವುದೂ ಸುಣ್ಣದ ತುಂಡೇ.

ಅವಳು ಆ ಗೆರೆಯನ್ನು ಅಂಗೈಯಿಂದ ಒರೆಸಿ ಕೋಟನ್ನು ಮಗುಚಿದಳು. ಜೇಬು ಸರಿಯಾಗಿ ನಡುವೆ ಬರುವಂತೆ ಅಳತೆ ಇಟ್ಟಳು. ಕತ್ತರಿಸಿದಳು.

"ಅಮ್ಮಾ, ಇಲ್ಲಿ ಬಾ."

ಅಮ್ಮ ಬಂದಳು. ಕೌದಿಯಕ್ಕ ಅವಳ ಬಲಗೈ ಹಿಡಿದು ಜೇಬಿನ ಮೇಲೆ ಇಟ್ಟಳು. ಮಂಜುಗಣ್ಣಿಗೆ ಕಾಣದ್ದನ್ನು ಬೆರಳು ಓದಿತು. ಎರಡು. ಒಂದು. ನಾಲ್ಕು. ತನ್ನದೇ ಹೊಲಿಗೆ.

"ಇದು ನಿನ್ನ ಕೋಟು."

"ಹೂಂ."

"ಅದನ್ನ ಯಾಕೆ ಕತ್ತರಿಸಿದೆ? ಅವಳ ಬಟ್ಟೆ ಎಲ್ಲಿ?"

"ಅವಳು ಅವತ್ತು ಹಾಕಿಕೊಂಡಿದ್ದು ಇದನ್ನೇ ಅಮ್ಮ. ನನ್ನ ಬಿಲ್ಲೆಯಲ್ಲಿ ಹೋಗಿದ್ದಳು. ನಾನು ಗಿರಾಕಿ ಕೆಲಸಕ್ಕೆ ಹೋಗಿದ್ದೆ. ಡಬ್ಬಿ ಕೊಡೋಕೆ ಹೋಗಿದ್ದಲ್ಲ ಅವಳು. ನೀನು ಕಳಿಸಲಿಲ್ಲ. ಕಳಿಸಿದವಳು ನಾನು."

ಅಮ್ಮ ಕೈ ತೆಗೆಯಲಿಲ್ಲ. ಬೀದಿಯಲ್ಲಿ ಯಾರೋ ಯಾರನ್ನೋ ಕರೆದು ನಕ್ಕರು. ಅಮ್ಮ ಕೇಳಿದಳು, "ಹಾಗಾದರೆ ಡಬ್ಬಿ?"

"ಅವಳ ಊಟಕ್ಕೇ."

"ಉಂಡಿದ್ದಳಾ?"

ಕೌದಿಯಕ್ಕ ಚೀಲದಿಂದ ಡಬ್ಬಿ ತೆಗೆದಳು. ಒಂದು ಮಗ್ಗುಲು ಜಜ್ಜಿಹೋಗಿತ್ತು. ಮುಚ್ಚಳ ತೆರೆದು ಅಮ್ಮನ ಕೈಗೆ ಕೊಟ್ಟಳು. ಅಮ್ಮ ಒಳಗೆ ಬೆರಳಾಡಿಸಿದಳು. ಖಾಲಿ. ಊಟದ ಗಂಟೆಯವರೆಗೆ ತಡೆಯುವ ಹುಡುಗಿಯೇ ಅಲ್ಲ ಅವಳು. ಶಾಲೆಯಲ್ಲಿದ್ದಾಗಲೂ ಮೊದಲನೆಯ ಪಾಠಕ್ಕೇ ಡಬ್ಬಿ ಮುಗಿಸಿ ಬೈಸಿಕೊಳ್ಳುತ್ತಿದ್ದವಳು.

"ಉಂಡಿದ್ದಳು," ಎಂದಳು ಅಮ್ಮ. ಆಮೇಲೆ ಮುಖ ಈ ಕಡೆ ತಿರುಗಿಸದೆ, "ಮೂರು ವರ್ಷ," ಎಂದಳು. "ಮೂರು ವರ್ಷ ಈ ಕೈಯಿಂದ ನಾನು ಒಂದು ತುತ್ತು ನೆಮ್ಮದಿಯಾಗಿ ಉಣ್ಣಲಿಲ್ಲ. ನೀನು ಎದುರಿಗೇ ಕೂತು ನೋಡ್ತಿದ್ದೆ."

ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ಡಬ್ಬಿಯನ್ನು ಎದೆಗೆ ಅವುಚಿಕೊಂಡು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಆ ಬಾಗಿಲು ಮಗಳಿಗಾಗಿ ಮತ್ತೆ ತೆರೆಯಲಿಲ್ಲ. ಊಟಕ್ಕೆ ಕೂತಾಗಲೂ ಗೋಡೆಯ ಕಡೆ ಮುಖ.

ಕೌದಿಯಕ್ಕ ಹನ್ನೊಂದನೆಯ ಚೌಕವನ್ನು ಕೂಡಿಸಿದಳು. ಅಡಿಬಟ್ಟೆಗೆ ಬೀರುವಿನಿಂದ ಆ ಕೆಂಪು ಕೌದಿಯ ಬಟ್ಟೆಯನ್ನೇ ಬಿಚ್ಚಿ ತೆಗೆದಳು. ಯಂತ್ರ ಓಡಿತು. ಬಳ್ಳಿಯಿಲ್ಲ, ಹೂವಿಲ್ಲ, ನೇರ ಗೆರೆಗಳು, ಮಾಡಿನ ತೊಲೆಗಳ ಹಾಗೆ. ಜೇಬಿನ ಬಾಯಿಯ ಹತ್ತಿರ ಬಂದಾಗ ಸೂಜಿ ಎತ್ತಿ ದಾಟಿಸಿದಳು. ಜೇಬನ್ನು ಮುಚ್ಚಿ ಹೊಲಿಯಲಿಲ್ಲ.

ಸೋಮವಾರ ಕೌದಿ ಗೇಟಿಗೆ ಏರಿತು. ಗಂಟೆಯಮ್ಮ ಜೇಬಿನ ನಂಬರು ನೋಡಿದಳು, ಕೌದಿಯಕ್ಕನ ಮುಖ ನೋಡಿದಳು, ಆಮೇಲೆ ಕೌದಿಯ ಆ ಮೂಲೆಯ ಹಗ್ಗವನ್ನು ಇನ್ನೊಂದು ಸುತ್ತು ಬಿಗಿದಳು. ಗುಮಾಸ್ತನ ಕೈಗೆ ಕೌದಿಯಕ್ಕ ಅವನ ಗಂಟನ್ನು ಹಾಗೆಯೇ ಕೊಟ್ಟಳು.

"ಹೊಲಿದಿಲ್ವಾ ಮೇಡಂ?"

"ಒಂದು ಮುದ್ರೆ ಬಿಚ್ಚಿ ತನ್ನಿ, ಹೊಲಿದು ಕೊಡ್ತೀನಿ."

ವಿಚಾರಣೆ ಅಧಿಕಾರಿಯ ಮೇಜಿನ ಮುಂದೆ ನಿಂತು ಅವಳು ಹೇಳಬೇಕಾದ್ದನ್ನೆಲ್ಲ ಹೇಳಿದಳು. ಬಿಲ್ಲೆ, ಕೋಟು, "ಇದ್ದೀನಿ" ಎಂದದ್ದು. ಅಧಿಕಾರಿ ಬರೆದುಕೊಂಡ. ಪೆನ್ನಿನ ಮುಚ್ಚಳ ಹಾಕುತ್ತಾ, "ಇದು ಬೇರೆಯವರ ಹೆಸರಲ್ಲಿ ಕೆಲಸ ಮಾಡಿಸಿದ ಅಪರಾಧ, ಗೊತ್ತಲ್ಲ? ನಿಮ್ಮ ಮೇಲೇ ಕೇಸಾಗುತ್ತೆ," ಎಂದ.

"ಆಗಲಿ. ಇನ್ನೂರ ಹದಿನಾಲ್ಕು ಸತ್ತಿದ್ದಾಳೆ ಅಂತ ಮೊದಲು ಬರೀರಿ. ಆಮೇಲೆ ನನ್ನನ್ನ ಬರೀರಿ."

ಹೊರಗೆ ಬಂದಾಗ ಗೇಟಿನ ಮುಂದೆ ಅಮ್ಮ ನಿಂತಿದ್ದಳು. ಒಬ್ಬಳೇ ನಡೆದು ಬಂದಿದ್ದಳು, ಗೋಡೆ ಹಿಡಿದುಕೊಂಡು, ಕೇಳಿಕೊಂಡು ಕೇಳಿಕೊಂಡು. ಕೌದಿಯ ಚೌಕಗಳ ಮೇಲೆ ಒಂದೊಂದಾಗಿ ಕೈಯಾಡಿಸುತ್ತಾ ಬಂದು ಜೇಬು ಸಿಕ್ಕಿದಲ್ಲಿ ನಿಂತಳು. ಬಲಗೈಯನ್ನು ಮಣಿಕಟ್ಟಿನವರೆಗೆ ಜೇಬಿನೊಳಗೆ ಇಳಿಬಿಟ್ಟಳು.

ಕೌದಿಯಕ್ಕ ಪಕ್ಕಕ್ಕೆ ಹೋಗಿ ನಿಂತಳು. ಅಮ್ಮ ಒಂದು ಹೆಜ್ಜೆ ಆಚೆಗೆ ಸರಿದಳು. ಆದರೆ ಕೈಯನ್ನು ಜೇಬಿನಿಂದ ತೆಗೆಯಲಿಲ್ಲ.