ಪ್ರಜ್ಞಾಳ ತಣ್ಣನೆಯ ಕೋಣೆ

ದೆಹಲಿಯ ಚಳಿಗಾಲದ ಹೊಗೆಗೆ ಸಿಕ್ಕಿ ಆಸ್ಪತ್ರೆ ಸೇರಿದ್ದ ಪ್ರಜ್ಞಾ ಮನೆಗೆ ಮರಳಿದ ದಿನವೇ ಅವಳ ಅಮ್ಮ ವಸಂತಿ ಮಗಳ ಕೋಣೆಯ ಕಿಟಕಿಯ ಸಂದುಗಳಿಗೆಲ್ಲ ಟೇಪು ಅಂಟಿಸಿದಳು. ಬಾಗಿಲಿನಡಿಗೆ ಹಳೆಯ ಸೀರೆ ತುರುಕಿದಳು. ಇನ್ನು ಹೊರಗಿನ ಗಾಳಿ ಮಗುವನ್ನು ಮುಟ್ಟಲಾರದು ಎಂಬ ಧೈರ್ಯ ಬಂತು.

ಬೇಸಿಗೆ ಶುರುವಾದದ್ದೇ ಆ ಕೋಣೆಯ ಎಸಿ ಹಗಲೂ ರಾತ್ರಿ ಓಡತೊಡಗಿತು. ಗಂಡ ಜಯಾನಂದ ಸರೋಜಿನಿ ನಗರದ ಮಾರುಕಟ್ಟೆಯ ಪಕ್ಕ ದೋಸೆ ಇಡ್ಲಿಯ ಹೋಟೆಲು ನಡೆಸುತ್ತಿದ್ದ. ಮಧ್ಯಾಹ್ನ ಮನೆಗೆ ಬಂದು ಮಗಳನ್ನು ನೋಡಲು ಒಳಗೆ ಹೋದರೆ ಮೂಗು ಸಿಂಡರಿಸುತ್ತಿದ್ದ.

"ಒದ್ದೆ ಬಟ್ಟೆ ಮುಗ್ಗಿದ ಹಾಗೆ ವಾಸನೆ ವಸಂತಿ. ಸ್ವಲ್ಪ ಹೊತ್ತಾದ್ರೂ ಕಿಟಕಿ ತೆಗಿ."

"ತೆಗೆದು ಮತ್ತೆ ಅವಳಿಗೆ ಆಕ್ಸಿಜನ್ ಹಾಕಿಸೋದಾ? ದಿನವಿಡೀ ಒಗ್ಗರಣೆ ಘಾಟಲ್ಲಿ ನಿಲ್ಲೋ ನಿಮಗೆ ಗಾಳಿ ವಿಷಯ ಏನು ಗೊತ್ತು?"

ಅವನು ಚಪ್ಪಲಿ ಮೆಟ್ಟಿ ಹೋಟೆಲಿಗೆ ಹೊರಟ.

ಆದರೆ ಕೆಮ್ಮು ನಿಲ್ಲಲಿಲ್ಲ. ಸಂಜೆಯಾದರೆ ಮೈ ಬೆಚ್ಚಗಾಗುತ್ತಿತ್ತು. ಶಾಲೆಯ ಓಟದಲ್ಲಿ ಎಲ್ಲರಿಗಿಂತ ಮುಂದಿರುತ್ತಿದ್ದ ಹುಡುಗಿ ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಏದುಸಿರು ಬಿಡುತ್ತಿದ್ದಳು. ಕೆಮ್ಮು ಹೆಚ್ಚಿದಂತೆಲ್ಲ ವಸಂತಿ ಅವಳನ್ನು ಕೋಣೆಯಿಂದ ಹೊರಗೆ ಬಿಡುವುದನ್ನೂ ಕಡಿಮೆ ಮಾಡಿದಳು. ಊಟ ಅಲ್ಲೇ, ಪಾಠ ಅಲ್ಲೇ.

"ಅಮ್ಮಾ, ಸಾಂಸ್ ನಹೀ ಆ ರಹೀ," ಎಂದು ಒಂದು ಬೆಳಿಗ್ಗೆ ಪ್ರಜ್ಞಾ ಉಸಿರು ಸಿಗದೆ ಎದೆ ಹಿಡಿದುಕೊಂಡಳು. ತುಟಿ ನೀಲಿಗಟ್ಟಿತ್ತು. ಮಗಳನ್ನು ಆಟೋದಲ್ಲಿ ಮಡಿಲಿಗೆ ಹಾಕಿಕೊಂಡ ವಸಂತಿ, "ಭಯ್ಯಾ, ಜಲ್ದಿ," ಎಂದು ದಾರಿಯುದ್ದಕ್ಕೂ ಗೋಗರೆದಳು.

ಆಸ್ಪತ್ರೆಯಲ್ಲಿ ಕೆಲವೇ ದಿನಕ್ಕೆ ಪ್ರಜ್ಞಾ ಎದ್ದು ಕೂತಳು, ನಕ್ಕಳು. ಮನೆಗೆ ಕರೆತಂದ ಸಂಜೆಯೇ ಕೆಮ್ಮು ಮರಳಿತು. ದಾರಿಯ ಧೂಳಿನದೇ ಕೆಲಸವೆಂದು ವಸಂತಿ ಎಸಿಯನ್ನು ಇನ್ನಷ್ಟು ತಂಪಿಗಿಟ್ಟಳು. ವಾರ ಕಳೆಯುವುದರೊಳಗೆ ಮತ್ತೆ ಅದೇ ಆಸ್ಪತ್ರೆ.

ಈ ಸಲ ಎದೆಯ ಸ್ಕ್ಯಾನ್ ನೋಡಿದ ವೈದ್ಯೆ ಹಿಂದಿಯಲ್ಲಿ ಕೇಳಿದರು: "ಇಲ್ಲಿ ಸುಧಾರಿಸುವ ಮಗು ಮನೆಯಲ್ಲಿ ಯಾಕೆ ಕೆಡ್ತಾಳೆ? ಎಲ್ಲಿರ್ತಾಳೆ ಅವಳು?"

ತಾನು ಎಷ್ಟು ಜೋಪಾನ ಮಾಡಿದ್ದೇನೆಂದು ವಸಂತಿ ಒಂದೂ ಬಿಡದೆ ಹೇಳಿದಳು. ಹೇಳುತ್ತಿದ್ದಂತೆ ವೈದ್ಯೆಯ ಮುಖ ಬದಲಾದದ್ದು ಅವಳಿಗೆ ಕಂಡಿತು.

"ಆ ಎಸಿ ಹೊಸ ಗಾಳಿ ತರೋದಿಲ್ಲಮ್ಮಾ. ಕೋಣೆಯ ಗಾಳಿಯನ್ನೇ ತಿರುತಿರುಗಿ ತಣ್ಣಗೆ ಮಾಡುತ್ತೆ. ಒಳಗಿನ ತೇವದಲ್ಲಿ ಬೂಷ್ಟು ಬೆಳೆದಿದ್ರೆ ಅದನ್ನೂ ಊದುತ್ತೆ. ಎಲ್ಲರಿಗೂ ಹೀಗಾಗಲ್ಲ. ನಿಮ್ಮ ಮಗಳ ಶ್ವಾಸಕೋಶ ಅದನ್ನು ತಾಳ್ತಾ ಇಲ್ಲ ಅನ್ನಿಸುತ್ತೆ."

"ಎಸಿಯ ಜಾಲರಿ ನಾನೇ ತೊಳೀತಿದ್ದೆ," ಎಂದಳು ವಸಂತಿ.

ಮನೆಗೆ ಓಡಿದಳು. ಸ್ಟೂಲು ಹತ್ತಿ, ಎಸಿಯ ಮುಚ್ಚಳ ಎತ್ತಿ, ಜಾಲರಿಯ ಹಿಂದಕ್ಕೆ ಮೊಬೈಲಿನ ಬೆಳಕು ಬಿಟ್ಟಳು. ಗಾಳಿ ಊದುವ ಉರುಳೆಯ ಮೇಲೆಲ್ಲ ಕಪ್ಪು ಲೋಳೆ. ಬೆರಳಿಟ್ಟರೆ ಅಂಟಿತು. ಮುಗ್ಗಲು ವಾಸನೆ ಮುಖಕ್ಕೆ ರಾಚಿತು. ಜಯಾನಂದ ಬಂದಾಗ ಅವಳು ಕಿಟಕಿಯ ಟೇಪನ್ನು ಉಗುರಿನಿಂದ ಕಿತ್ತೆಳೆಯುತ್ತಿದ್ದಳು. ಬೆರಳಲ್ಲಿ ರಕ್ತ.

"ನಾನೇ ರೀ. ನನ್ನ ಕೈಯಾರೆ ಕೂಡಿಹಾಕಿ ಅವಳಿಗೆ ಇದನ್ನ ಕುಡಿಸಿದೆ."

"ವಾಸನೆ ನನಗೆ ಗೊತ್ತಾಗಿತ್ತಲ್ಲ," ಎನ್ನುತ್ತ ಅವನೂ ಟೇಪಿನ ಇನ್ನೊಂದು ತುದಿ ಹಿಡಿದು ಕಿತ್ತ. "ಜಗಳ ಯಾಕೆ ಅಂತ ಬಾಯಿ ಮುಚ್ಕೊಂಡೆ."

ತೆರೆದ ಕಿಟಕಿಯಿಂದ ಕೆಂಡದಂಥ ಗಾಳಿಯೂ ಬಸ್ಸುಗಳ ಹೊಗೆಯೂ ನುಗ್ಗಿದವು. ಮುಚ್ಚಿದರೆ ಹಾಗೆ, ತೆರೆದರೆ ಹೀಗೆ. ಇಷ್ಟು ದೊಡ್ಡ ಊರಿನಲ್ಲಿ ಮಗಳಿಗೊಂದು ಉಸಿರು ಎಲ್ಲಿಂದ ತರಲಿ ಎಂದು ವಸಂತಿ ತಲೆ ಚಚ್ಚಿಕೊಂಡಳು.

ಆ ಗೋಡೆಗಳ ನಡುವೆ ಮಗುವನ್ನು ಮತ್ತೆ ಮಲಗಿಸಬೇಡಿ ಎಂದಿದ್ದರು ವೈದ್ಯೆ. ಅಷ್ಟು ಬೇಗ ಸಿಕ್ಕಿದ್ದು ಹೋಟೆಲಿನ ಹಿಂದಿನ ಬೀದಿಯ ಮೂರನೇ ಮಹಡಿಯ ಮನೆ. ಎದುರುಬದುರು ಕಿಟಕಿಗಳು, ಲಿಫ್ಟಿಲ್ಲ. ಔಷಧಿಗೆ ಕೆಮ್ಮು ಇಳಿಯಿತು. ಆದರೆ ಶ್ವಾಸಕೋಶದಲ್ಲಿ ಗಾಯವಾಗಿ ಗಡುಸಾದ ಭಾಗ ಮೊದಲಿನಂತಾಗುವುದಿಲ್ಲ ಎಂಬುದನ್ನು ವೈದ್ಯೆ ಮುಚ್ಚಿಡಲಿಲ್ಲ.

ಹೊಸ ಮನೆಗೆ ಹೋದ ದಿನ ಔಷಧಿಯಿಂದ ಮುಖ ಊದಿದ್ದ ಪ್ರಜ್ಞಾ ಮೊದಲ ಮಹಡಿಯಲ್ಲೇ ಕಂಬಿ ಹಿಡಿದು ನಿಂತಳು.

"ಅಮ್ಮಾ, ರುಕೋ. ನನಗೆ ಆಗಲ್ಲ."

ಎದೆಯೆತ್ತರ ಬೆಳೆದ ಮಗಳು. ವಸಂತಿ ಸೆರಗು ಸೊಂಟಕ್ಕೆ ಬಿಗಿದು ಅವಳ ಮುಂದೆ ಬೆನ್ನು ಬಗ್ಗಿಸಿದಳು. ಕತ್ತಿನ ಮೇಲೆ ಆ ಗೊರಗೊರ ಉಸಿರು ಬೀಳುತ್ತಿದ್ದಂತೆ, ಹಲ್ಲು ಕಚ್ಚಿ ಮೆಟ್ಟಿಲು ಹತ್ತತೊಡಗಿದಳು.